ಸಣ್ಣ ಗಾಲಿಯ ಪ್ರಕರಣ

ವಾಹನ ವಿಭಾಗದ ಅಧಿಕಾರಿಗೆ ಸಂಶಯವೆಂಬುದು ಸ್ಪ್ಯಾನರಿನಷ್ಟೇ ಅಗತ್ಯವಾದ ಉಪಕರಣ. ಯಾವ ಕಡೆ ತಿರುಗಿಸಬೇಕೆಂದು ಗೊತ್ತಿದ್ದರಾಯಿತು. ನನಗೆ ಗೊತ್ತಿರಲಿಲ್ಲ.

1987ರಲ್ಲಿ ಹಾಸನದಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದೆ. ದುವ್ವಾಡದ ಬಳಿಯ ಕಾರ್ಖಾನೆಯೊಂದರಲ್ಲಿ ವಾಹನಗಳ ಮೇಲ್ವಿಚಾರಣೆ ನನ್ನದು. ಒಂದೂವರೆ ತಿಂಗಳಲ್ಲೇ ತೆಲುಗು ಓದಲು ಕಲಿತೆ. ನಮ್ಮ ಅಕ್ಷರಗಳ ಒಡಹುಟ್ಟುಗಳೇ ತಾನೆ. ಪಂಕ್ಚರ್ ಅಂಗಡಿಗಳ ಮುಂದೆ ‘ಗಾಲಿ’ ಎಂದು ಬರೆದದ್ದನ್ನು ಓದಿ, ಭಾಷೆ ಇಷ್ಟು ಸುಲಭವೇ ಎಂದು ಹೆಮ್ಮೆಪಟ್ಟಿದ್ದೆ.

ನಮ್ಮ ಮ್ಯಾನೇಜರ್ ಶಾಸ್ತ್ರಿಗಾರು. ಅವರ ಕಾರು ಗಂಟೆಗೆ ಎಂಬತ್ತು ಕಿಲೋಮೀಟರಿನವರೆಗೆ ಸುಖವಾಗಿ ಓಡುತ್ತಿತ್ತು. ಅದಕ್ಕೂ ಮೇಲೆ ಒತ್ತಿದರೆ ಏದುಸಿರು. ಪ್ಲಗ್, ಪಾಯಿಂಟ್, ಟೈಮಿಂಗ್ ಎಲ್ಲ ನೋಡಿದೆ. ಗುಣ ಕಾಣಲಿಲ್ಲ. ಅಷ್ಟರಲ್ಲಿ ಡ್ರೈವರ್ ಸನ್ಯಾಸಿರಾವ್, ಸಾಹೇಬರನ್ನು ಕೂರಿಸಿಕೊಂಡು ವಿಜಯವಾಡಕ್ಕೆ ಹೋಗಿ ಮೂರನೆಯ ದಿನ ಮರಳಿದ. ಕಾರು ನೂರು ಮುಟ್ಟುತ್ತಿತ್ತು!

ಸಾಹೇಬರು ಖುಷಿಪಟ್ಟರು. ನಾನು ಪಡಲಿಲ್ಲ. ನನ್ನ ಕೈಯಲ್ಲಿ ವಾಸಿಯಾಗದ ಇಂಜಿನ್ ವಿಜಯವಾಡದ ಹವೆಗೆ ವಾಸಿಯಾಯಿತೇ? ಡ್ಯಾಶ್‌ಬೋರ್ಡ್ ಜಾಲಾಡಿದೆ. ಅಲ್ಲಿಯ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಸಿಕ್ಕಿತು: ‘ಗಾಲಿ ಚಿನ್ನದಿ ವೇಸಾನು.’ ಚಿನ್ನದಿ ಎಂದರೆ ಸಣ್ಣದು, ಬಂಗಾರದ್ದಲ್ಲ; ಅಷ್ಟು ತೆಲುಗು ನನಗೆ ಬರುತ್ತಿತ್ತು. ಸಣ್ಣ ಗಾಲಿ ಹಾಕಿದ್ದಾರೆ!

ಎಲ್ಲವೂ ತಾಳೆಯಾಯಿತು. ಗಾಲಿ ಚಿಕ್ಕದಾದರೆ ಅಷ್ಟೇ ದೂರಕ್ಕೆ ಹೆಚ್ಚು ಸುತ್ತುತ್ತದೆ. ಸ್ಪೀಡೋಮೀಟರ್ ಎಣಿಸುವುದು ಸುತ್ತನ್ನು. ಮುಳ್ಳು ನೂರು ತೋರಿಸುತ್ತದೆ, ಕಾರು ಎಂಬತ್ತರಲ್ಲೇ ಇರುತ್ತದೆ. ಒಳ್ಳೆಯ ಗಾಲಿಗಳು ವಿಜಯವಾಡದಲ್ಲಿ ಮಾರಾಟವಾಗಿವೆ. ಸನ್ಯಾಸಿರಾವ್‌ನನ್ನು ಕರೆದು, “ಗಾಲಿ ಏಮೈಂದಿ?” ಎಂದು, ಏನಾಯಿತೆಂದು ತೆಲುಗಿನಲ್ಲೇ ಕೇಳಿದೆ.

“ಮಾರ್ಚಾನು ಸಾರ್,” ಎಂದ, ಎದೆಯುಬ್ಬಿಸಿ.

ಮಾರಿದೆ ಎಂದು ಇಷ್ಟು ಧೈರ್ಯವಾಗಿ ಒಪ್ಪಿಕೊಂಡ ಕಳ್ಳನನ್ನು ನಾನು ಕಂಡಿರಲಿಲ್ಲ. ಇಂಗ್ಲಿಷಿನಲ್ಲಿ ವರದಿ ಬರೆದೆ.

“ಹದಿನೆಂಟು ವರ್ಷದ ಡ್ರೈವರಯ್ಯಾ. ನಿಮಗೆ ಖಾತ್ರಿಯೇ?” ಎಂದರು ಸಾಹೇಬರು.

“ಅವನೇ ಒಪ್ಪಿಕೊಂಡಿದ್ದಾನೆ ಸಾರ್.”

ಗುರುವಾರ ಕಳವಿನ ಮೆಮೋ ಹೊರಟಿತು. ಕಾರಿನ ಕೀ ಕಿತ್ತುಕೊಂಡದ್ದಾಯಿತು. ಸೋಮವಾರ ವಿಚಾರಣೆ, ಸಾಬೀತಾದರೆ ವಜಾ.

ಸಾಕ್ಷ್ಯಕ್ಕೆಂದು ಗಾಲಿಗಳನ್ನು ಅಳೆದೆ. ನಾಲ್ಕೂ ಸರಿಯಾದ ಅಳತೆಯವೇ. ಹೆದರಿ ವಾಪಸ್ ಹಾಕಿದ್ದಾನೆ, ಎಂದುಕೊಂಡೆ. ಸ್ಟಾಪ್‌ವಾಚ್ ಹಿಡಿದು ಅನಕಾಪಲ್ಲಿ ದಾರಿಯಲ್ಲಿ ಓಡಿಸಿದೆ. ಕಲ್ಲಿನಿಂದ ಕಲ್ಲಿಗೆ ಒಂದು ಕಿಲೋಮೀಟರ್, ಮೂವತ್ತಾರು ಸೆಕೆಂಡ್. ನೂರೆಂದರೆ ನೂರೇ. ಕಿಲೋಮೀಟರ್ ಕಲ್ಲುಗಳ ಮೇಲೂ ಒಂದು ಗಳಿಗೆ ನನಗೆ ಅನುಮಾನ ಬಂದದ್ದುಂಟು.

ಸೋಮವಾರ ಸನ್ಯಾಸಿರಾವ್ ಬಂದು ನಿಂತ. ಮುಖ ಇಳಿದಿತ್ತು. ಹಳೆಯ ಗಾಲಿ ಎಲ್ಲಿ ಎಂದು ಗದರಿದೆ. ಆತ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಬಟಾಣಿಯಷ್ಟು ದಪ್ಪದ ಹಿತ್ತಾಳೆ ತುಣುಕೊಂದನ್ನು ಮೇಜಿನ ಮೇಲಿಟ್ಟ.

“ಇದಿಗೋ ಸಾರ್, ಪಾತ ಗಾಲಿ.”

“ಇದು ಗಾಲಿಯೇನಯ್ಯಾ?”

“ಗಾಲಿ ಸಾರ್! ಗಾಲಿ!” ಎಂದವನೇ ಕೆನ್ನೆಯುಬ್ಬಿಸಿ ಉಫ್ ಎಂದು ಊದಿದ. ನನ್ನ ವರದಿ ಹಾರಿ ನೆಲಕ್ಕೆ ಬಿತ್ತು.

ಶಾಸ್ತ್ರಿಗಾರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಿಮ್ಮ ಕನ್ನಡದಲ್ಲಿ ಚಕ್ರವನ್ನ ಗಾಲಿ ಅಂತಾರೇನಯ್ಯಾ?”

ತೆಲುಗಿನಲ್ಲಿ ಗಾಲಿ ಎಂದರೆ ನಮ್ಮ ಗಾಳಿ. ಮಾರ್ಚಾನು ಎಂದರೆ ಬದಲಾಯಿಸಿದೆ. ಮೇಜಿನ ಮೇಲಿದ್ದದ್ದು ಕಾರ್ಬ್ಯುರೇಟರಿನ ಏರ್ ಜೆಟ್. ಇಂಜಿನ್ ಜೋರಾಗಿ ತಿರುಗುವಾಗ ಪೆಟ್ರೋಲಿಗೆ ಬೆರೆಯುವ ಗಾಳಿಯ ಅಳತೆ ಇದರ ತೂತಿನದು. ಹಳೆಯದು 200 ನಂಬರಿನದು. ಗಾಳಿ ಹೆಚ್ಚಾಗಿ ಮೇಲಿನ ವೇಗದಲ್ಲಿ ಪೆಟ್ರೋಲ್ ಸಾಲುತ್ತಿರಲಿಲ್ಲ. ವಿಜಯವಾಡದವನು ಸಣ್ಣ ತೂತಿನ 180 ಹಾಕಿದ್ದ. ನಾನು ಬಿಚ್ಚಿ ನೋಡದೆ ಬಿಟ್ಟಿದ್ದ ಭಾಗ ಅದೊಂದೇ. ಅರ್ಥವಾಗದ ಮಾತಿಗಿಂತ ಅರ್ಥವಾಯಿತೆನ್ನಿಸಿದ ಮಾತನ್ನು ಎರಡು ಸಲ ಕೇಳಬೇಕೆಂದು ಆ ಉದ್ಯೋಗ ನನಗೆ ಕಲಿಸಿತು. ಕಲಿಸಿದ ಶುಲ್ಕವನ್ನು ನಾಲ್ಕು ದಿನ ಸನ್ಯಾಸಿರಾವ್ ತೆತ್ತ.

ಮೆಮೋ ಅಂದೇ ರದ್ದಾಯಿತು. ನಿವೃತ್ತಿಯವರೆಗೂ ಆ ಕಾರನ್ನು ಆತನೇ ಓಡಿಸಿದ.