ನಾನು ಪೂರ್ತಿ ಕೊಡದ ಮಾಫಿ

ಗುಸುಲ್ ಸ್ನಾನ ಮುಗಿಸಿ, ಕಫನ್ ಬಟ್ಟೆ ಸುತ್ತಿ, ಮುಖ ಮಾತ್ರ ಬಿಟ್ಟು ನನ್ನ ಗಂಡನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಕೊನೆಯ ಸಲ ನೋಡು ಅಂತ ನನ್ನನ್ನು ಕರೆದರು. ಅವರ ಅಕ್ಕ ಮಹಬೂಬಿ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಮಾಫ್ ಮಾಡ್ದೆ ಅನ್ನು ಖೈರು. ನೀನು ಅಂದ್ರೆ ಅವನಿಗೆ ಕಬರ್‌ನಲ್ಲಿ ಹಗುರ ಆಗ್ತದೆ."

ನಮ್ಮಲ್ಲಿ ಹೆಂಡತಿ ಹಾಗೆ ಹೇಳಬೇಕು. ಗಂಡನಿಂದ ಆದ ನೋವನ್ನೆಲ್ಲ ಮಯ್ಯತ್ತಿನ ಮುಂದೆ ಬಿಟ್ಟುಕೊಡಬೇಕು. ಬಿಡದಿದ್ದರೆ ಕಯಾಮತ್ತಿನ ದಿನ, ಎಲ್ಲರ ಲೆಕ್ಕ ನೋಡುವಾಗ, ಅವನು ಜನ್ನತ್ತಿಗೆ ಹೋಗುವ ಮೊದಲು ಅವಳ ಮುಂದೆ ನಿಂತು ಅದನ್ನು ತೀರಿಸಬೇಕು ಅನ್ನುತ್ತಾರೆ. ನನಗೆ ಬಾಯಿ ಬರಲಿಲ್ಲ. ಹೊರಗೆ ಗಂಡಸರು ಅವಸರ ಮಾಡಿದರು. ಜನಾಜ ಎತ್ತಿಕೊಂಡು ಹೋದರು.

ಅವರ ಹೆಸರು ದಾದಾಪೀರ್. ತೀರ್ಥಹಳ್ಳಿಯಲ್ಲಿ ನಮ್ಮ ಮನೆ. ಮೀನು ಮಾರುತ್ತಿದ್ದರು. ಬೆಳಕು ಹರಿಯುವ ಮೊದಲು ಆಗುಂಬೆ ಘಾಟಿ ಇಳಿದು, ಕೆಳಗಿನಿಂದ ಬಂಗುಡೆ, ಬೂತಾಯಿ ತುಂಬಿಸಿಕೊಂಡು, ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿ ಘಾಟಿ ಹತ್ತಿ ಬರುತ್ತಿದ್ದರು. ದಾರಿಯ ಊರುಗಳಲ್ಲಿ ಮಾರಿ, ಮೇಳಿಗೆಗೂ ಹೋಗಿ ಮನೆಗೆ ಬರುವಾಗ ಐಸ್ ನೀರು ಬೆನ್ನಿಗೆಲ್ಲ ಇಳಿದಿರುತ್ತಿತ್ತು. ಶುಕ್ರವಾರ ಹುಣಸೆಹಣ್ಣಿನಲ್ಲಿ ಕೈ ತಿಕ್ಕಿ, ಅತ್ತರು ಹಚ್ಚಿ ಮಸೀದಿಗೆ ಹೋದರೂ ಕೊನೆಯ ಸಾಲಿನಲ್ಲೇ ನಿಲ್ಲುತ್ತಿದ್ದರು. ಪಕ್ಕದವರಿಗೆ ವಾಸನೆ ಬರಬಾರದು ಅಂತ.

ಮುಖ ಗಂಟು ಹಾಕಿಕೊಂಡಿರುವ ಮನುಷ್ಯ ಅಲ್ಲ. ಮೇಳಿಗೆಯ ದುಗ್ಗಮ್ಮ ಅವರ ಹಳೆಯ ಗಿರಾಕಿ. ಮೀನು ಸಣ್ಣದು ಅಂತ ದಿನಾ ಜಗಳ ತೆಗೆಯುತ್ತಿದ್ದಳಂತೆ. ಇವರು, ದೊಡ್ಡದು ಬೇಕಾದರೆ ಜನ್ನತ್ತಿಗೆ ಬನ್ನಿ, ಅಲ್ಲಿ ಹೋದವರಿಗೆ ಮೊದಲ ಊಟಕ್ಕೆ ಮೀನಿನ ಲಿವರೇ ಬಡಿಸುತ್ತಾರೆ ಅಂದರಂತೆ.

"ಅಲ್ಲೂ ನೀವೇ ಮಾರದಾ ಸಾಬ್ರೇ? ಹಂಗಾರೆ ನಾ ಬರಲ್ಲ" ಅಂದಳಂತೆ ದುಗ್ಗಮ್ಮ. ಮನೆಗೆ ಬಂದು ಅದನ್ನು ಹೇಳಿಕೊಂಡು ನಕ್ಕರು.

ಮನೆಯಲ್ಲಿ ನನಗೆ ನಗು ಬರುತ್ತಿರಲಿಲ್ಲ. ಮಾಡಿನ ಶೀಟು ಒಡೆದು ಒಲೆಯ ಮೇಲೆ ನೀರು ಬಿದ್ದರೂ, ನನ್ನ ಹಲ್ಲು ನೋವಿಗೆ ದವಡೆ ಬಾತರೂ ಅವರದು ಒಂದೇ ಮಾತು. ಅಲ್ಲಾಹನ ಹತ್ತಿರ ಈ ದುನಿಯಾ ಒಂದು ಸೊಳ್ಳೆ ರೆಕ್ಕೆಯಷ್ಟೂ ಬಾಳುವುದಿಲ್ಲ, ಸಬರ್ ಮಾಡು, ತಾಳಿಕೋ. ರೆಕ್ಕೆ ಹಗುರ ಇರಬಹುದು, ಕಚ್ಚಿಸಿಕೊಳ್ಳುವವಳು ನಾನು ಅಂತ ನಾನು ಅನ್ನುತ್ತಿದ್ದೆ.

ಎರಡು ಮಳೆಗಾಲದಿಂದ ಅವರಿಗೆ ಕೆಮ್ಮು. ಇನ್ನು ಥಂಡಿಗೆ ಹೋಗಬೇಡಿ, ಘಾಟಿ ಬಿಡಿ ಅಂತ ಡಾಕ್ಟರು ಹೇಳಿದ್ದರು. ಆಗಲೇ ಮೀನು ಮಾರ್ಕೆಟ್ಟಿನಲ್ಲಿ ಒಂದು ಕಟ್ಟೆ ಅವರ ಹೆಸರಿಗೆ ಬಂತು. ಮೇಲೆ ಸೂರು, ಪಕ್ಕದಲ್ಲಿ ನಲ್ಲಿ. ಮೀನು ಲಾರಿಯಲ್ಲಿ ಬರುತ್ತದೆ, ಕೂತು ಮಾರಿದರೆ ಆಯಿತು. ನಾನು ಹೋಗಿ ಕಟ್ಟೆ ತೊಳೆದು ಬಂದೆ. ಪಕ್ಕದಲ್ಲಿ ಕೂತು ಮೀನು ಕತ್ತರಿಸಿ ಕೊಡುತ್ತೇನೆ ಅಂತ ಕತ್ತಿಯನ್ನೂ ಮಸೆಸಿ ಇಟ್ಟೆ.

ಮರುದಿನ ಮಧ್ಯಾಹ್ನ ಊಟ ಮಾಡುತ್ತಾ, ಕಟ್ಟೆಯನ್ನು ಬುಡನ್‌ಗೆ ಕೊಟ್ಟೆ ಅಂದರು. ಬುಡನ್ ಅವರ ದೋಸ್ತ್, ಅವನೂ ಮೀನಿನವನೇ. ಘಾಟಿಯಲ್ಲಿ ಬಿದ್ದು ಕಾಲು ಮುರಿದಿತ್ತು, ಬೈಕ್ ಓಡಿಸುವ ಹಾಗಿರಲಿಲ್ಲ.

"ನನ್ನ ಒಂದು ಮಾತು ಕೇಳಿದ್ರಾ?" ಅಂದೆ.

"ಇಲ್ಲಿ ಕೊಟ್ಟಿದ್ದು ಅಲ್ಲಿ ಸಿಗ್ತದೆ ಖೈರು."

"ಅಲ್ಲಿ ಸಿಗೋದು ನಿಮಗೆ. ಇಲ್ಲಿ ಹೋಗಿದ್ದು ನಂದೂ."

ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಆ ಮಳೆಗಾಲವೂ ಘಾಟಿ ಇಳಿದರು. ಆಗುಂಬೆಯ ಮಂಜಿನಲ್ಲಿ ನೆನೆದು ಬಂದವರಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಿಂದ ಎದ್ದು ಬರಲಿಲ್ಲ.

ಈಗ ನಾನು ಇದ್ದತ್ತಿನಲ್ಲಿ ಕೂತಿದ್ದೇನೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವ ಹಾಗಿಲ್ಲ. ಹಾಗಾಗಿ ಸಮಾಧಾನ ಹೇಳುವವರು ಬಂದರೆ ಎದ್ದು ಹೋಗುವ ಹಾಗೂ ಇಲ್ಲ. ಪುಣ್ಯವಂತ, ಆ ಕಟ್ಟೆಗೆ ಬದಲು ಅಲ್ಲಿ ಮಹಲ್ ಸಿಕ್ಕಿರುತ್ತದೆ ಅನ್ನುತ್ತಾರೆ. ಹೇಳಿ, ಟೀ ಕುಡಿದು ಹೋಗುತ್ತಾರೆ. ನನ್ನ ಒಲೆಯ ಮೇಲಿನ ಶೀಟು ಹಾಗೇ ಇದೆ.

ಒಂದು ದಿನ ಮಸೀದಿಯ ಹಜರತ್ತರ ಹೆಂಡತಿ ಬಂದರು. ಒಳ್ಳೆಯ ಹೆಂಗಸು. ಜನ್ನತ್ತಿನ ಸುಖ ಎಂಥದ್ದು ಅಂತ ಹೇಳಿದರು. ದುನಿಯಾದಲ್ಲಿ ಎಲ್ಲರಿಗಿಂತ ಜಾಸ್ತಿ ಕಷ್ಟ ಪಟ್ಟವನನ್ನು ಕರೆದು ಜನ್ನತ್ತಿನಲ್ಲಿ ಒಂದು ಸಲ ಮುಳುಗಿಸಿ ತೆಗೆಯುತ್ತಾರಂತೆ. ನೀನು ಯಾವತ್ತಾದರೂ ಕಷ್ಟ ನೋಡಿದ್ದೀಯಾ ಅಂತ ಕೇಳುತ್ತಾರಂತೆ. ಅವನು, ಇಲ್ಲ ರಬ್ಬೇ, ನೋಡಿಯೇ ಇಲ್ಲ ಅನ್ನುತ್ತಾನಂತೆ. ಅಷ್ಟು ಸುಖ ಅದು.

ನಾನು ಕೇಳಿದೆ.

"ಕಷ್ಟ ಎಲ್ಲ ಮರೆತರೆ ನನ್ನನ್ನೂ ಮರೀತಾರಲ್ಲ? ಸುಖ ಇದ್ದ ಕಡೆ ನಾನು ಇರಲೇ ಇಲ್ಲ. ನಾನು ಇದ್ದಿದ್ದು ಕಷ್ಟದಲ್ಲಿ."

ಇಂಥದ್ದನ್ನೆಲ್ಲ ಕೇಳಬಾರದಮ್ಮ ಅಂದರು. ಆಮೇಲೆ ದಂಪತಿಗಳು ಅಲ್ಲಿ ಒಟ್ಟಿಗೆ ಇರುತ್ತಾರೆ ಅಂತಲೂ ಹೇಳಿದರು. ಒಟ್ಟಿಗೆ ಇರಬಹುದು. ಆದರೆ ಮಳೆಯಲ್ಲಿ ಪಾತ್ರೆ ಇಟ್ಟು ಸೋರುವ ನೀರು ಹಿಡಿದವಳು ಇವಳೇ ಅಂತ ಗೊತ್ತಿರುತ್ತದಾ? ಅದನ್ನೂ ಕೇಳಿದೆ. ಅವರು ಬುರ್ಕಾ ಹಾಕಿಕೊಂಡು ಹೊರಟರು.

ಬುಡನ್ ಆಗಾಗ ಮೀನು ಕಳಿಸುತ್ತಿದ್ದ. ನನ್ನ ಜೊತೆಗೆ ಉಳಿದಿದ್ದ ಮಹಬೂಬಿ ಸಾರು ಮಾಡುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಅವನೇ ಕುಂಟುತ್ತಾ ಬಂದ. ಪರದೆಯ ಆಚೆ, ಜಗಲಿಯಲ್ಲಿ ನಿಂತು ಮಾತಾಡಿದ.

"ಭಾಬಿ, ನೀವು ಮೀನು ಮುಟ್ಟಲ್ಲ ಅಂದ್ರು ಮಹಬೂಬಿ ಆಪಾ. ಕಟ್ಟೆ ವಿಷಯಕ್ಕೆ ಸಿಟ್ಟಾ? ನಾನು ಬೇಡ ಅಂದಿದ್ದೆ. 'ಕೊಡು ಅಂದಿದ್ದೇ ನಮ್ಮ ಮನೆಯವಳು, ಕೊಟ್ಟ ಪುಣ್ಯದಲ್ಲಿ ಅರ್ಧ ಸವಾಬ್ ಅವಳದೇ' ಅಂದ ದಾದಾಪೀರ್. ಅದಕ್ಕೇ ತಗೊಂಡೆ."

ನಾನು ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಇಲ್ಲ ಅಂದರೆ ಸತ್ತವರು ಸುಳ್ಳುಗಾರರಾಗುತ್ತಾರೆ. ಮುಂದಿನ ಸಲ ಬಂಗುಡೆ ಕಳಿಸು, ಬೂತಾಯಿ ಮುಳ್ಳು ಜಾಸ್ತಿ ಅಂದೆ. ಅವನು ಹೋದ.

ಮಹಬೂಬಿ ಕಣ್ಣೊರೆಸಿಕೊಂಡಳು. ನೋಡು, ಜನ್ನತ್ತಿನಲ್ಲಿ ನಿನಗೆ ಪಾಲು ಇಟ್ಟು ಹೋಗಿದ್ದಾನೆ ಅಂದಳು. ನನಗೆ ಸಿಟ್ಟೇ ಬಂತು. ಕಟ್ಟೆ ಕೊಡುವಾಗಲೂ ನನ್ನನ್ನು ಕೇಳಲಿಲ್ಲ, ಜನ್ನತ್ತಿನ ಪಾಲು ಬರೆಸುವಾಗಲೂ ಕೇಳಲಿಲ್ಲ. ಕೇಳಿದ್ದರೆ ಬೈದು, ಒಂದು ಹೊತ್ತು ಉಪವಾಸ ಮಲಗಿ, ಆಮೇಲೆ ಕೊಡಿ ಅಂತಿದ್ದೆನೋ ಏನೋ. ಬುಡನ್‌ನ ಕಾಲು ನಾನೂ ನೋಡಿದ್ದೆ.

"ಇವತ್ತಾದ್ರೂ ಅನ್ನು" ಅಂದಳು ಮಹಬೂಬಿ. "ಅವನು ಅಲ್ಲಿ ಇಕ್ಕಟ್ಟಿನಲ್ಲಿ ಇದ್ದಾನೋ ಏನೋ. ನನ್ನ ತಮ್ಮ ಕಣೇ ಅವನು."

ಆ ಮಾತು ನನಗೂ ತಾಗಿತು. ತಣ್ಣನೆಯ ಮಣ್ಣಿನಲ್ಲಿ, ಆ ಕಫ ಕಟ್ಟಿದ ಎದೆ ಇಟ್ಟುಕೊಂಡು.

"ಘಾಟಿ ಇಳಿದಿದ್ದು ಮಾಫ್ ಆಪಾ" ಅಂದೆ. "ಶೀಟು ಮಾಫ್, ಹಲ್ಲು ಮಾಫ್. ಕಟ್ಟೆ ಕೊಟ್ಟಿದ್ದೂ ಮಾಫ್."

ಅವಳು ಅಲ್‌ಹಮ್ದುಲಿಲ್ಲಾ ಅಂದಳು.

"ನನ್ನ ಕೇಳದೇ ಕೊಟ್ಟಿದ್ದು ಮಾಫ್ ಇಲ್ಲ. ಅದನ್ನ ಇಟ್ಕೊಂಡಿದ್ದೀನಿ."

"ಹುಚ್ಚಿ. ಅಷ್ಟು ಸಣ್ಣದಕ್ಕೆ ಅವನನ್ನ ಕಯಾಮತ್ತಿನ ದಿನ ತಡೆದು ನಿಲ್ಲಿಸ್ತೀಯಾ?"

"ನಿಲ್ಲಲಿ. ಆ ಜನ್ನತ್ತಲ್ಲಿ ಮುಳುಗೋ ಮೊದಲು ಒಂದು ಸಲ ನನ್ನ ಮುಖ ನೋಡಿ ಕೇಳ್ಲಿ. ಆಮೇಲೆ ಬೇಕಾದ್ರೆ ಮರೀಲಿ."

ಮಹಬೂಬಿ ಇದನ್ನು ಹಜರತ್ತರಿಗೆ ಹೇಳುತ್ತೇನೆ ಅಂದಳು. ಹೇಳು ಅಂದೆ.