ಚಪ್ಪಲಿ ಕಾಯುವವರು

ಸಾಗರದವರು ಕುಡಿತ ಬಿಡಲು ತೀರ್ಥಹಳ್ಳಿಗೆ ಹೋಗುತ್ತಾರೆ, ತೀರ್ಥಹಳ್ಳಿಯವರು ಸಾಗರಕ್ಕೆ. ನಡುವೆ ಹೊಸನಗರದ ನಿಲ್ದಾಣದಲ್ಲಿ ಎರಡೂ ಬಸ್ಸುಗಳು ನಿಲ್ಲುತ್ತವೆ. ಅತ್ತಲಿನವರೂ ಇತ್ತಲಿನವರೂ ಒಂದೇ ಅಂಗಡಿಯಲ್ಲಿ, ಕಂಡೂ ಕಾಣದಂತೆ ಮುಖ ತಿರುಗಿಸಿ ಚಹ ಕುಡಿದು, ತಮ್ಮ ತಮ್ಮ ಬಸ್ಸು ಹತ್ತುತ್ತಾರೆ. ಬಳ್ಳಾರಿಯ ಗೆಳತಿಯರೇ, ನಾನು ವರ್ಗವಾಗಿ ಬಂದಿರುವ ಸೀಮೆ ಇದು. ಭಾನುವಾರ ಆ ಅಂಗಡಿಯಲ್ಲಿ ಮುಖ ತಿರುಗಿಸಿ ನಿಲ್ಲುವವರಲ್ಲಿ ನಾನೂ ಒಬ್ಬಳು.

ಹೌದು, ಮದ್ಯದಂಗಡಿಗಳ ಮುಂದೆ ನಿಮ್ಮೊಂದಿಗೆ ಧರಣಿ ಕುಳಿತು ಘೋಷಣೆ ಕೂಗಿದವಳೇ ನಾನು. ಆ ಘೋಷಣೆಗಳಲ್ಲಿ ಒಂದೂ ಸುಳ್ಳಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದುದೂ ಸುಳ್ಳಲ್ಲ. ನನ್ನ ಮನೆಯವರು ಅದಕ್ಕೆ ಕಂಡುಕೊಂಡ ಚಿಕಿತ್ಸೆ ಈ ವರ್ಗಾವಣೆ. ಗಂಡಸು ಕುಡಿದರೆ ಆಸ್ಪತ್ರೆ, ಹೆಂಗಸು ಕುಡಿದರೆ ದೂರದ ಊರು. ಈ ಅನ್ಯಾಯವನ್ನು ನಾವು ಯಾವ ಕರಪತ್ರದಲ್ಲೂ ಅಚ್ಚು ಹಾಕಿಸಲಿಲ್ಲ.

ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆ ತೋರಿಸುವವರ ಮೊದಲ ಪ್ರಶ್ನೆ, "ಒಬ್ರೇನಾ?" ಬಳ್ಳಾರಿಯಲ್ಲಿ ಪಕ್ಕದ ಮನೆಯವರು ರೊಟ್ಟಿ ಬಡಿಯುವ ಸದ್ದೇ ಒಂದು ಸಂಗಾತವಾಗಿತ್ತು. ಇಲ್ಲಿ ಮಾತು ಮೆಲ್ಲಗೆ, ಊಟವೂ ಮೆಲ್ಲಗೆ. ನೆರೆಯವರು ಮೊದಲ ವಾರ ತಂಬುಳಿ ತಂದುಕೊಟ್ಟರು. ಸೊಪ್ಪು ಅರೆದು ಮಜ್ಜಿಗೆಯಲ್ಲಿ ಬೆರೆಸಿದ ತಣ್ಣನೆಯ ಪದಾರ್ಥ. ಖಾರಕ್ಕೆ ಒಗ್ಗಿದ ನನ್ನ ನಾಲಿಗೆ ಅದನ್ನು ಊಟವೆಂದು ಒಪ್ಪಲೇ ಇಲ್ಲ. ಈಗ ಅದಿಲ್ಲದೆ ಅನ್ನ ಇಳಿಯುವುದಿಲ್ಲ.

ಕುಡಿತ ಬಿಡುವವರ ವಾರದ ಸಭೆಯ ಸುಳಿವು ಕೊಟ್ಟವರು ಆಸ್ಪತ್ರೆಯ ನರ್ಸ್. "ಇಲ್ಲೂ ನಡೀತದೆ ಮೇಡಂ. ಆದ್ರೆ ನೀವು ಸಾಗರಕ್ಕೇ ಹೋಗಿ. ನೀವು ಕಾಲೇಜಿನೋರು, ಇಲ್ಲಿ ನಿಮ್ ಸ್ಟೂಡೆಂಟ್ಸ್ ಅಪ್ಪಂದಿರ ಸ್ನೇಹಿತ್ರೇ ಸಿಕ್ತಾರೆ."

ಸಾಗರದಲ್ಲಿ ಅದು ಹಳೆಯ ಶಾಲೆಯ ಕೋಣೆ. ಒಳಗೆ ಕುಡಿತ ಬಿಡುವವರು ಮಾತ್ರ; ಅಲ್ಲಿ ಆಡಿದ ಮಾತು ಹೊಸಿಲು ದಾಟಕೂಡದು. ಹೊರಗೆ ಬೆಂಚಿನ ಮೇಲೆ ಅವರವರ ಹೆಂಡತಿಯರು. ಒಳಗೆ ಹೆಂಗಸು ನಾನೊಬ್ಬಳೇ. ನನಗಾಗಿ ಬೆಂಚಿನ ಮೇಲೆ ಯಾರೂ ಇಲ್ಲ.

ನಮ್ಮ ಬಸ್ಸಿನಲ್ಲೇ ಬರುವ ತಿಮ್ಮಪ್ಪಣ್ಣ ಲಾರಿ ಚಾಲಕರು. ಅವರ ಹೆಂಡತಿ ಶಾರದಕ್ಕ ಕಿಟಕಿಯ ಸೀಟು ಅವರಿಗೇ ಬಿಡುತ್ತಾರೆ, ಚಹ ಆರಿಸಿ ಕೊಡುತ್ತಾರೆ. ಗಂಡ ಕೋಣೆ ಹೊಕ್ಕೊಡನೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ತಮ್ಮ ಕಾಲಡಿಗೆ ಎಳೆದುಕೊಳ್ಳುತ್ತಾರೆ. "ಮಧ್ಯದಲ್ಲೇ ಎದ್ದು ಓಡಬಾರ್ದಲ್ಲ ಮಾರಾಯ್ತಿ, ಅದ್ಕೆ!" ಹೆಂಗಸಿನ ಪುಕ್ಕಟೆ ದುಡಿಮೆ ಎಂದಿತು ನನ್ನ ಓದು. ನನ್ನ ಚಪ್ಪಲಿಗೆ ದಿಕ್ಕಿಲ್ಲ ಎಂದು ಉರಿಯಿತು ಹೊಟ್ಟೆ. ಒಳಗೂ ಅದೇ ಉರಿ. ತಿಮ್ಮಪ್ಪಣ್ಣ ಎರಡು ಮಾತಾಡಿದರೆ ಕೋಣೆ ಉಸಿರು ಹಿಡಿದು ಕೇಳುತ್ತದೆ. ನಾನು ಅಬಕಾರಿ ಆದಾಯ, ಪುರುಷಪ್ರಧಾನ ವ್ಯವಸ್ಥೆ ಎಂದು ವಿವರಿಸುವಾಗ ಎಲ್ಲರೂ ಫ್ಯಾನು ನೋಡುತ್ತಾರೆ. ಒಮ್ಮೆ ಸಭೆ ಮುಗಿದ ಮೇಲೆ ತಿಮ್ಮಪ್ಪಣ್ಣನೇ ಅಂದರು, "ಮೇಡಂ, ಅಬಕಾರಿ ಮಂತ್ರಿ ಇವತ್ತೂ ಬರ್ಲಿಲ್ಲ. ಇದ್ದೋರು ನಾವೇ. ನಿಮ್ದೆಂತ, ಅದನ್ನ ಹೇಳಿ."

ಅದೊಂದನ್ನು ಹೇಳಲಾಗದಿದ್ದರೆ ಮತ್ತೆ ಬಾಟಲಿಯೇ ಗತಿ ಎಂಬುದು ನನಗೆ ತಿಳಿದಿತ್ತು. ಆದರೂ ಮುಂದಿನ ವಾರವೂ ಅಬಕಾರಿ ಆದಾಯದಿಂದಲೇ ತೊಡಗಿದೆ.

ಕಳೆದ ಭಾನುವಾರ ಹೊಸನಗರದಲ್ಲಿ ತಿಮ್ಮಪ್ಪಣ್ಣ ಚಹಕ್ಕೆ ಇಳಿದಾಗ ಶಾರದಕ್ಕ ನನ್ನ ಪಕ್ಕ ಬಂದು ಕುಳಿತರು.

"ಮೇಡಂ, ಒಳಗೆ ಇವ್ರು ಎಂತ ಮಾತಾಡ್ತಾರೆ?"

ನಾನು ಕಿಟಕಿಯಾಚೆ ಚಹದಂಗಡಿಯತ್ತ ನೋಡಿದೆ.

"ಮನೇಲಿ ತುಟಿ ಬಿಚ್ಚಲ್ಲ. ಇಷ್ಟು ವರ್ಷ ವಾಂತಿ ಬಳಿದೋಳು ನಾನು, ಮಾತು ಕೇಳೋರು ನೀವು. ಬೇಜಾರು ಮಾಡ್ಕೋಬೇಡಿ, ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರೀತದೆ."

ಹಿಂದಿನ ವಾರ ತಿಮ್ಮಪ್ಪಣ್ಣ ಸಭೆಯಲ್ಲಿ ಅತ್ತು ಆಡಿದ್ದು ಪೂರ್ತಿ ಈಕೆಯ ಕುರಿತೇ. ನನ್ನ ನಾಲಿಗೆಯ ತುದಿಯಲ್ಲಿತ್ತು ಅದು.

"ಹೇಳಾಂಗಿಲ್ರೀ ಅಕ್ಕ."

"ಗೊತ್ತು. ಹೇಳಿದ್ರೆ ನಿಮ್ ಹತ್ರ ಮಾತೇ ಬಿಡ್ತಿದ್ದೆ," ಎಂದು ನಕ್ಕರು. "ನಿಮ್ದಾದ್ರೂ ಹೇಳಿ. ಅದಕ್ಕೆ ಯಾರ ಅಡ್ಡಿಯೂ ಇಲ್ವಲ್ಲ."

ಬಸ್ಸು ಹೊರಟಿತು. ಬೀರುವಿನ ಸೀರೆಗಳ ನಡುವಿನ ಬಾಟಲಿಯಿಂದ ತೊಡಗಿ, ಮಗಳ ಹುಟ್ಟುಹಬ್ಬದಂದು ಅಡುಗೆಮನೆಯಲ್ಲಿ ಬಿದ್ದು ಅವಳ ಗೆಳತಿಯರ ಕೈಯಲ್ಲಿ ಎಬ್ಬಿಸಿಕೊಂಡದ್ದರವರೆಗೆ, ಸಾಗರ ಬರುವಷ್ಟರಲ್ಲಿ ಎಲ್ಲ ಹೇಳಿದ್ದೆ. ಅವರು ಸಮಾಧಾನ ಹೇಳಲಿಲ್ಲ. "ಒಳಗೂ ಇಷ್ಟೇ ಹೇಳಿ," ಅಂದರು. ಹೇಳಿದೆ. ಆ ದಿನ ಯಾರೂ ಫ್ಯಾನು ನೋಡಲಿಲ್ಲ.

ಹೊರಗೆ ಬಂದಾಗ ಬಾಗಿಲಲ್ಲಿ ನನ್ನ ಚಪ್ಪಲಿ ಇರಲಿಲ್ಲ. ಶಾರದಕ್ಕನ ಎಡಗಾಲಡಿಯಲ್ಲಿ ತಿಮ್ಮಪ್ಪಣ್ಣನದು, ಬಲಗಾಲಡಿಯಲ್ಲಿ ನನ್ನದು.

ಗೆಳತಿಯರೇ, ಮೆರವಣಿಗೆಗೆ ಒಂದೇ ದನಿಯಲ್ಲಿ ಹೊರಡುವ ನಿಮ್ಮನ್ನು ನೆನೆದರೆ ಈಗಲೂ ಕರುಬುತ್ತೇನೆ. ಇಲ್ಲಿನವರಿಗೆ ನನ್ನ ಕುಡಿತ ಗೊತ್ತು, ಮಿಕ್ಕದ್ದು ಗೊತ್ತಿಲ್ಲ. ನಿಮಗೆ ಮಿಕ್ಕದ್ದೆಲ್ಲ ಗೊತ್ತಿತ್ತು. ಪ್ರತಿ ಅನ್ಯಾಯವನ್ನೂ ಹೆಸರು ಹಿಡಿದು ಕೂಗಿದವಳು ಈ ಬರಹದ ಕೆಳಗೆ ತನ್ನ ಹೆಸರು ಹಾಕುತ್ತಿಲ್ಲ; ಇಲ್ಲಿನವರ ಹೆಸರನ್ನೂ ಬದಲಿಸಿದ್ದಾಳೆ. ದನಿಯಿಂದ ಗುರುತು ಹಿಡಿಯುತ್ತೀರಿ. ಬಳ್ಳಾರಿಗೆ ಮರಳುವ ಆಸೆ ದಿನವೂ ಎಳೆಯುತ್ತದೆ. ಬಂದರೆ, ನಿಮ್ಮಲ್ಲಿ ಯಾರು ನನ್ನ ಚಪ್ಪಲಿ ಎಳೆದುಕೊಂಡು ಹೊರಗೆ ಕೂರುತ್ತೀರಿ?