ಈಸಾಕನ ಮೂರು ಕೂಗು

ರೆಹೋಬೊತ್ ಊರಿನಲ್ಲಿ ಗಾಳಿಯಂತ್ರ ರಿಪೇರಿ ಮಾಡುವವರು ಇಬ್ಬರಿದ್ದರು. ಒಬ್ಬ ಕುಡುಕ, ಇನ್ನೊಬ್ಬ ಫ್ಲೋರಿಸ್. ಹಾಗಾಗಿ ಕುರಿಗಳಿಗೆ ನೀರೆತ್ತುವ ಯಂತ್ರ ಕೆಟ್ಟಿತೆಂದರೆ ಎಲ್ಲರೂ ಫ್ಲೋರಿಸನ ಮನೆ ಬಾಗಿಲಿಗೇ ಬರುತ್ತಿದ್ದರು. ಅರವತ್ತು ದಾಟಿದ ಮೇಲೂ ಅವನು ಸರಸರನೆ ಕಂಬ ಹತ್ತುತ್ತಿದ್ದ. ಹತ್ತುವ ಮೊದಲು ಕೆಳಗೆ ನಿಂತು ಕಿವಿಗೊಟ್ಟು ಕೇಳುವನು. ಕಿರುಗುಟ್ಟುವ ಸದ್ದಿನಲ್ಲೇ ಯಾವ ಚಕ್ರದ ಹಲ್ಲು ಸವೆದಿದೆ, ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳಿಬಿಡುವನು. ಅಂಥ ಕಿವಿ ಅವನದು. ಈ ಮಾತನ್ನು ಮೊದಲೇ ಹೇಳಿಟ್ಟಿದ್ದೇನೆ, ಮರೆಯಬೇಡಿ.

ವರ್ಷಕ್ಕೊಂದು ವಾರ ಮಾತ್ರ ಅವನು ಯಾರ ಕೈಗೂ ಸಿಗುತ್ತಿರಲಿಲ್ಲ. ಸ್ಕೂಲ್ ಬಸ್ ಓಡಿಸುವ ಬಾರೆಂಟ್, ಗಾರೆ ಕೆಲಸದ ಈಸಾಕ್, ಇವನು, ಮೂವರೂ ಬಾರೆಂಟನ ಹಳೆಯ ಪಿಕಪ್ಪಿನ ತಲೆಯ ಮೇಲೆ ಗಾಳದ ಕೋಲುಗಳನ್ನು ಕಟ್ಟಿ, ಮರಳುಗಾಡು ದಾಟಿ ಸಮುದ್ರಕ್ಕೆ ಹೊರಟುಬಿಡುತ್ತಿದ್ದರು. ಸ್ಟೇರಿಂಗಿಗೆ ಬಾರೆಂಟ್, ನಡುವೆ ಈಸಾಕ್, ಕಿಟಕಿಗೆ ಫ್ಲೋರಿಸ್. ಯಾವ ನಂಟೂ ಇಲ್ಲದಿದ್ದರೂ ಒಬ್ಬರಿಗೊಬ್ಬರು 'ಭಾವ'. ದಾರಿಯುದ್ದಕ್ಕೂ ಈಸಾಕನದೇ ಬಾಯಿ.

ಆ ತೀರದ ಗಾಳದವರಿಗೆಲ್ಲ ಒಂದೇ ಕೂಗು: 'ಫಾಸ್!' ಸಿಕ್ಕಿದೆ ಎಂದರ್ಥ. ಮೀನು ಸಿಕ್ಕರೂ ಫಾಸ್, ಗಾಳ ಕಲ್ಲಿಗೆ ಸಿಕ್ಕಿಕೊಂಡರೂ ಫಾಸ್, ಮನುಷ್ಯನೇ ಸಿಕ್ಕಿಕೊಂಡರೂ ಫಾಸ್. ಯಾರು ಕೂಗಿದರೂ ಪಕ್ಕದವನು ತನ್ನ ದಾರ ಸುತ್ತಿಕೊಂಡು, ಮೀನೆತ್ತುವ ಕೊಕ್ಕೆ ಹಿಡಿದು ಓಡಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ಯಾರೂ ತಪ್ಪಿಸುವುದಿಲ್ಲ.

ಒಮ್ಮೆ ತಪ್ಪಿತು. ನಾಲ್ಕು ವರ್ಷದ ಹಿಂದಿನ ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ತನ್ನ ಕೋಲಿನ ತುದಿ ತನಗೇ ಕಾಣದು. ಬಾರೆಂಟ್ ಕೂಗಿದರೂ ಕೇಳಿಸದಷ್ಟು ದೂರ, ಮೇಲೆ ಪಿಕಪ್ಪಿನ ಹತ್ತಿರ ಕೆಂಡದ ಮೇಲೆ ರೊಟ್ಟಿ ಸುಡುತ್ತಿದ್ದ. ಈಸಾಕ್ ಮೂವತ್ತು ಹೆಜ್ಜೆ ಆಚೆ ಕಲ್ಲುಗಳ ನಡುವೆ ನಿಂತು, ಆಗಲೇ ಮೂರು ದೊಡ್ಡ ಕಾಬಿಲ್ಯೂ ಮೀನು ಎಳೆದಿದ್ದ. ಮೂರು ಸಲವೂ ಫ್ಲೋರಿಸನೇ ಕೊಕ್ಕೆ ಹಿಡಿದು ಓಡಿದ್ದ. ಅವನ ಗಾಳವನ್ನು ಒಂದು ಏಡಿಯೂ ಮೂಸಿರಲಿಲ್ಲ.

"ಭಾವ, ನಿನ್ ದಾರಕ್ಕೆ ಗಾಳ ಕಟ್ಟಿದ್ಯೋ ಇಲ್ವೋ ನೋಡ್ಕೋ! ಮೀನುಗಳು ನೀನ್ ಸಿಕ್ಸಿದ್ ಬೂತಾಯಿ ತಿಂದು ನಗ್ತಾವೆ!" ಎಂದು ಈಸಾಕ್ ಮಂಜಿನೊಳಗಿಂದ ಛೇಡಿಸಿದ. ಫ್ಲೋರಿಸನಿಗೆ ಮೈ ಉರಿಯಿತು.

ಸ್ವಲ್ಪ ಹೊತ್ತಿಗೆ ಮತ್ತೆ ಕೂಗು ಬಂತು. "ಫಾಸ್!"

"ನಿಂದು ನೀನೇ ಎಳ್ಕೋ! ನಾನೇನು ನಿನ್ನ ಆಳಾ?"

"ಫಾಸ್!" ಮತ್ತೊಂದು. ಆಮೇಲೆ ಮೂರನೆಯದು. ಆಮೇಲೆ ಅಲೆಯ ಸದ್ದು ಮಾತ್ರ. ಮೀನು ತಪ್ಪಿಸಿಕೊಂಡಿತು, ಒಳ್ಳೇದಾಯಿತು ಎಂದು ತನಗೆ ತಾನೇ ಹೇಳಿಕೊಂಡ ಫ್ಲೋರಿಸ್.

ಮಂಜು ಸರಿದಾಗ ಈಸಾಕನ ಕಾಲು ಕಲ್ಲಿನ ಸಂದಿಯಲ್ಲಿತ್ತು. ಏರಿದ ನೀರು ಅವನ ರಬ್ಬರ್ ಪ್ಯಾಂಟಿನೊಳಗೆಲ್ಲ ತುಂಬಿ, ತಲೆಯ ಮೇಲೆಯೂ ಹರಿದುಹೋಗಿತ್ತು. ಪೊಲೀಸರಿಗೂ ಬಾರೆಂಟನಿಗೂ ಈಸಾಕನ ಹೆಂಡತಿ ಮಗ್ರೀಟಳಿಗೂ ಫ್ಲೋರಿಸ್ ಒಂದೇ ಮಾತು ಹೇಳಿದ: ಅಲೆಯ ಅಬ್ಬರದಲ್ಲಿ ಏನೂ ಕೇಳಿಸಲಿಲ್ಲ.

ಅಂದಿನಿಂದ ಅವನು ಯಾವ ಕಂಬ ಹತ್ತಿದರೂ, ಗಾಳಿ ಬೀಸಿ ರೆಕ್ಕೆ ತಿರುಗಿದ ಕೂಡಲೇ ಸದ್ದು ಶುರುವಾಗುತ್ತಿತ್ತು. ಎಣ್ಣೆ ಹಾಕಿದ, ಹಲ್ಲಿನ ಚಕ್ರಗಳನ್ನೇ ಬದಲಿಸಿದ. ಕುರಿಯವರು, "ಯಾವ ಸದ್ದೂ ಇಲ್ಲವಲ್ಲೋ, ಇಳಿ ಇನ್ನು," ಎನ್ನುತ್ತಿದ್ದರು. ಅವನಿಗೆ ಮಾತ್ರ ಕೇಳಿಸುತ್ತಿತ್ತು. ಪ್ರತಿಸಲವೂ ಮೂರು ಕೂಗು, ಎರಡಲ್ಲ, ನಾಲ್ಕಲ್ಲ.

ಈ ವರ್ಷ ಮಗ್ರೀಟ ಈಸಾಕನ ಕೋಲು ಹಿಡಿದು ಅವನ ಅಂಗಳಕ್ಕೆ ಬಂದಳು.

"ಇದನ್ನ ಒಂದ್ಸಲ ಸಮುದ್ರಕ್ಕೆ ತೋರಿಸ್ಕೊಂಡು ಬಾ, ಫ್ಲೋರಿಸ್. ಬೀರು ಹಿಂದೆ ನಿಂತಿರೋದು ನೋಡೋಕಾಗಲ್ಲ. ಹೌದು, ಅವ್ರು ಅವತ್ತು ಏನೂ ಅನ್ಲೇ ಇಲ್ವಾ? ಅಷ್ಟು ಮಾತಾಡೋ ಮನುಷ್ಯ, ಬಾಯಿ ಮುಚ್ಕೊಂಡು ಹೋದ್ರು ಅಂದ್ರೆ ನನ್ ಮನಸ್ಸು ಒಪ್ಪೋದೇ ಇಲ್ಲ."

"ಏನೂ ಕೇಳಿಸ್ಲಿಲ್ಲ," ಎಂದ ಫ್ಲೋರಿಸ್. ಪ್ರತಿವರ್ಷವೂ ಅವಳು ಕೇಳಿದ್ದಳು, ಪ್ರತಿವರ್ಷವೂ ಅವನು ಇದನ್ನೇ ಹೇಳಿದ್ದ.

ನಾಲ್ಕು ವರ್ಷದ ಮೇಲೆ ಮೊದಲ ಸಲ ಬಾರೆಂಟನ ಜೊತೆ ಸಮುದ್ರಕ್ಕೆ ಹೊರಟ. ನಡುವಿನ ಸೀಟು ಖಾಲಿ ಇದ್ದರೂ ಫ್ಲೋರಿಸ್ ಬಾಗಿಲಿಗೆ ಒತ್ತಿಕೊಂಡೇ ಕೂತಿದ್ದ. ಬಾರೆಂಟನೂ ಗೇರು ಹಾಕುವಾಗ ಮೊಣಕೈ ಯಾರಿಗೋ ತಾಗೀತೆಂಬಂತೆ ಒಳಕ್ಕೆಳೆದುಕೊಳ್ಳುತ್ತಿದ್ದ.

ಮಾರನೆಯ ಬೆಳಿಗ್ಗೆ ಅದೇ ತೀರ, ಅದೇ ಮಂಜು. ಫ್ಲೋರಿಸ್ ಈಸಾಕನ ಕೋಲಿನಿಂದ ಗಾಳ ಎಸೆದು ನಿಂತಿದ್ದ.

"ಫಾಸ್!"

ಕೋಲು ಬಿಸಾಕಿ ಓಡಿದ. ಕಲ್ಲಿಗೆ ಮೊಣಕಾಲು ಬಡಿದು ರಕ್ತ ಬಂದರೂ ನಿಲ್ಲಲಿಲ್ಲ. ಎದೆಮಟ್ಟದ ನೀರಿಗೆ ನುಗ್ಗಿ, ಕೈಗೆ ಸಿಕ್ಕ ಮೈಯನ್ನು ಎರಡೂ ತೋಳಿನಲ್ಲಿ ತಬ್ಬಿ ದಡಕ್ಕೆ ಎಳೆಯತೊಡಗಿದ.

"ಬಿಡೋ! ಹುಚ್ಚು ಗಿಚ್ಚು ಹಿಡೀತಾ? ಮೀನು ಹೋಯ್ತಲ್ಲೋ, ಪಾಪಿ!" ಎಂದು ಕಿರುಚಿದವನು ಬಾರೆಂಟ್. ದಾರ ಹರಿದುಹೋಗಿತ್ತು. ಫ್ಲೋರಿಸ್ ಬಿಡಲಿಲ್ಲ; ದಡ ಮುಟ್ಟಿದ ಮೇಲೂ ಬಾರೆಂಟನ ಅಂಗಿ ಹಿಡಿದೇ ಇದ್ದ.

ಬಾರೆಂಟ್ ಅವನ ಮುಖವನ್ನೇ ನೋಡಿದ.

"ಭಾವ," ಎಂದ ಮೆಲ್ಲಗೆ, "ಅವತ್ತು ಅವನು ಕೂಗಿದ್ನಾ?"

ಫ್ಲೋರಿಸ್ ಹೌದೆಂದು ತಲೆ ಆಡಿಸಿದ. ಬಾರೆಂಟ್ ಎದ್ದು ಹೋಗಿ ಅಲೆಗೆ ಸಿಕ್ಕಿ ಉರುಳಾಡುತ್ತಿದ್ದ ಈಸಾಕನ ಕೋಲನ್ನು ತಂದ, ಮರಳು ಒರೆಸಿದ.

"ಇದನ್ನ ನಾನ್ ಕೊಡಲ್ಲ. ನೀನೇ ಹೋಗಿ ಕೊಡ್ಬೇಕು. ಕೊಡುವಾಗ ಹೇಳ್ಬೇಕು," ಎಂದ. ಅವತ್ತೇ ಪಿಕಪ್ಪನ್ನು ಊರಿನ ಕಡೆ ತಿರುಗಿಸಿದ.

ಮಗ್ರೀಟ ಅಡುಗೆಮನೆಯಲ್ಲಿ ಕಾಫಿಗಿಟ್ಟಿದ್ದಳು. ಫ್ಲೋರಿಸ್ ಕೋಲನ್ನು ಗೋಡೆಗೆ ಒರಗಿಸಿ, ಕೂರದೆಯೇ ಎಲ್ಲ ಹೇಳಿದ. ಮೂರು ಕೂಗಿನ ಮಾತನ್ನೂ ಹೇಳಿದ. ತಾನು ಕೊಟ್ಟ ಉತ್ತರವನ್ನೂ ಬಿಡಲಿಲ್ಲ. ಮೀನೆಂದುಕೊಂಡೆ, ಹೊಟ್ಟೆಕಿಚ್ಚಿನಿಂದ ಹೋಗಲಿಲ್ಲ ಎಂದ.

ಅವಳು ಅಳಲಿಲ್ಲ, ಶಪಿಸಲಿಲ್ಲ. ಒಲೆ ಆರಿಸಿ ಕುರ್ಚಿಯಲ್ಲಿ ಕೂತಳು.

"ಹೇಗೆ ಕೂಗಿದ್ರು? ಕೂಗಿ ತೋರ್ಸು."

"ಮಗ್ರೀಟ..."

"ಕೂಗು ಅಂದೆ."

ನಾಲ್ಕು ವರ್ಷ ದಿನಾ ಕೇಳಿದ್ದ ಕೂಗು, ಹುಡುಕಬೇಕಾಗಿರಲಿಲ್ಲ. ಫ್ಲೋರಿಸ್ ಕಣ್ಣು ಮುಚ್ಚಿ ಬಾಯಿ ತೆರೆದ. ಬಂದದ್ದು ಅವನ ದನಿಯಲ್ಲ. ಮೂರು ಸಲ, ಒಂದಕ್ಕಿಂತ ಒಂದು ಸಣ್ಣದಾಗಿ, ಮೂರನೆಯದರಲ್ಲಿ ನೀರು ತುಂಬಿಕೊಂಡು, ಆ ಅಡುಗೆಮನೆಯಲ್ಲಿ ಈಸಾಕ್ ಕೂಗಿದ.

ಮಗ್ರೀಟ ಮೇಜಿನ ಬಟ್ಟೆಯನ್ನು ಬೆರಳಿನಿಂದ ನೇವರಿಸುತ್ತಿದ್ದಳು.

"ಫ್ಲೋರಿಸ್," ಎಂದಳು, "ಇದು ಮೀನಿನ ಕೂಗಲ್ಲ."

"ಗೊತ್ತು," ಎಂದ ಫ್ಲೋರಿಸ್.

"ಯಾವಾಗಿಂದ ಗೊತ್ತು?"

ಅವನು ಗೋಡೆಗೊರಗಿದ್ದ ಕೋಲನ್ನು ನೋಡಿದ.

"ಎರಡನೇ ಕೂಗಿಂದ."